ದೀಪದ ಲೆಕ್ಕ: ಉಳಿತಾಯ ಯಾರ ಖಾತೆಗೆ, ಪಾದರಸ ಯಾರ ಖಾತೆಗೆ?

ನಮ್ಮ ಸಂಘದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ವಾಡಿಕೆಯಂತೆ ಬರೆಯುವವರು ವೈದ್ಯರು. ನಾನಾದರೋ ವಾಣಿಜ್ಯ ಪದವೀಧರ. ಇಪ್ಪತ್ತೆರಡು ವರ್ಷಗಳಿಂದ ಬ್ಯಾಂಕಿನ ಲೆಡ್ಜರುಗಳ ನಡುವೆ ಬಾಳಿದವನು. ಆದರೂ ಸಂಪಾದಕರು ಕೇಳಿದಾಗ ಹಿಂದೆಗೆಯಲಿಲ್ಲ. ನಾನೇ ಸಹಿ ಮಾಡಿದ ಒಂದು ವೋಚರು ಇದಕ್ಕೆ ಕಾರಣ.

2019ರಲ್ಲಿ ನಮ್ಮ ಶಾಖೆಯ ನವೀಕರಣ ನಡೆಯಿತು. ಹಳೆಯ ಟ್ಯೂಬ್‌ಲೈಟುಗಳನ್ನೆಲ್ಲ ಇಳಿಸಿ ಎಲ್.ಇ.ಡಿ. ದೀಪಗಳನ್ನು ಹಾಕಿಸಿದೆವು. ಇಳಿಸಿದ ನೂರಕ್ಕೂ ಹೆಚ್ಚು ಟ್ಯೂಬುಗಳು ಮುರಿದ ಕುರ್ಚಿ, ತುಕ್ಕು ಹಿಡಿದ ಕಪಾಟುಗಳೊಡನೆ ಗುಜರಿಗೆ ಹೋದವು. ಬಂದ ಹಣವನ್ನು ಜಮಾ ಮಾಡಿ, ವೋಚರಿಗೆ ಸಹಿ ಹಾಕಿ, ಸಂಜೆ ಲೋಕಲ್ ಗಾಡಿ ಹಿಡಿಯಲು ಹೊರಟೆನು. ಕಟ್ಟಡದ ಹಿಂದಿನ ಓಣಿಯಲ್ಲಿ ಹನ್ನೆರಡು ಹದಿಮೂರು ವಯಸ್ಸಿನ ಹುಡುಗನೊಬ್ಬ ಆ ಟ್ಯೂಬುಗಳನ್ನು ಒಂದೊಂದಾಗಿ ಗೋಡೆಗೆ ಬಡಿದು ಒಡೆಯುತ್ತ, ಎರಡು ತುದಿಗಳ ಲೋಹದ ಟೊಪ್ಪಿಗಳನ್ನು ಕಿತ್ತು ಚೀಲಕ್ಕೆ ಹಾಕುತ್ತಿದ್ದನು. ಅವನ ಕೈಗಳ ಮೇಲೆ, ಹುಬ್ಬುಗಳ ಮೇಲೆ ಬಿಳಿಯ ಪುಡಿ ಕೂತಿತ್ತು. ಕೈ ಕುಯ್ದುಕೊಂಡೀಯೆ ಎಂದಷ್ಟೇ ಎಚ್ಚರಿಸಿ ನಾನು ಮುಂದೆ ನಡೆದೆನು. ಗಾಜಿಗಿಂತ ಹೆಚ್ಚು ಕೆಡುಕಿನ ವಸ್ತು ಅಲ್ಲಿ ಗಾಳಿಯಲ್ಲಿ ಬೆರೆಯುತ್ತಿದ್ದುದು ನನಗೆ ಆಗ ತಿಳಿದಿರಲಿಲ್ಲ. ಆ ವಸ್ತುವೇ ಪಾದರಸ.

ತರುವಾಯ ಈ ವಿಷಯವನ್ನು ಓದತೊಡಗಿದಾಗ, ಅಮೆರಿಕದಲ್ಲಿ ಇದೇ ಪಾದರಸದ ಬಗ್ಗೆ ಶಾಸನಸಭೆಯ ಮಟ್ಟದಲ್ಲಿ ವರ್ಷಗಟ್ಟಲೆ ವಾಗ್ವಾದ ನಡೆದದ್ದು ಗೊತ್ತಾಯಿತು. ಆ ವಾಗ್ವಾದದಲ್ಲಿ ನಾವು ಕಲಿಯತಕ್ಕ ಪಾಠವೊಂದಿದೆ. ಅದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೂರು ಬಗೆಯ ದೀಪಗಳು

ಮೊದಲು ದೀಪಗಳ ಪರಿಚಯ ಮಾಡಿಕೊಳ್ಳೋಣ. ಎಡಿಸನ್‌ನ ಕಾಲದಿಂದ ಬಂದ ಹಳದಿ ಬಲ್ಬಿನಲ್ಲಿ ವಿದ್ಯುತ್ತು ಸಣ್ಣ ತಂತಿಯೊಂದನ್ನು ಬಿಳುಪೇರುವಷ್ಟು ಕಾಯಿಸುತ್ತದೆ. ಕಾದ ತಂತಿ ಬೆಳಗುತ್ತದೆ. ನಾವು ಹಣ ತೆತ್ತ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕ ಪಾಲು ಬರಿಯ ಶಾಖವಾಗಿ ಹೋಗುತ್ತದೆ. ಇದರ ಆಯುಷ್ಯ ಸುಮಾರು 1,000 ಗಂಟೆ.

ಟ್ಯೂಬ್‌ಲೈಟು ಮತ್ತು ಅದರ ಮರಿಯಾದ ಸಿ.ಎಫ್.ಎಲ್. ಬಲ್ಬಿನ ಬಗೆಯೇ ಬೇರೆ. ಕೊಳವೆಯೊಳಗೆ ಅತಿ ಸ್ವಲ್ಪ ಪಾದರಸದ ಆವಿ ಇರುತ್ತದೆ. ವಿದ್ಯುತ್ತು ಹಾಯ್ದಾಗ ಆ ಆವಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಸೂಸುತ್ತದೆ. ಗಾಜಿನ ಒಳಮೈಗೆ ಬಳಿದ ಬಿಳಿಯ ಪುಡಿ ಆ ಕಿರಣಗಳನ್ನು ಹೀರಿ ಬೆಳಕಾಗಿ ಮಾರ್ಪಡಿಸುತ್ತದೆ. 60 ವಾಟಿನ ಹಳದಿ ಬಲ್ಬು ಕೊಡುವ ಬೆಳಕನ್ನು ಸಿ.ಎಫ್.ಎಲ್. 13ರಿಂದ 15 ವಾಟಿನಲ್ಲಿ ಕೊಡುತ್ತದೆ, ಎಂಟು ಹತ್ತು ಪಟ್ಟು ಹೆಚ್ಚು ಕಾಲ ಬಾಳುತ್ತದೆ. ಆದರೆ ಪಾದರಸವಿಲ್ಲದೆ ಅದು ಉರಿಯಲಾರದು. ಒಂದು ಸಿ.ಎಫ್.ಎಲ್. ಬಲ್ಬಿನಲ್ಲಿ ಸಾಮಾನ್ಯವಾಗಿ ನಾಲ್ಕೈದು ಮಿಲಿಗ್ರಾಂ ಪಾದರಸವೆಂದು ಲೆಕ್ಕ. ಹಳೆಯ ಜ್ವರಮಾಪಕದಲ್ಲಿ ಇದ್ದದ್ದು ಸುಮಾರು 500 ಮಿಲಿಗ್ರಾಂ.

ಮೂರನೆಯದು ಎಲ್.ಇ.ಡಿ. ಇದರಲ್ಲಿ ಪಾದರಸವಿಲ್ಲ, ಅದೇ ಬೆಳಕಿಗೆ ಎಂಟೊಂಬತ್ತು ವಾಟು ಸಾಕು. ಆದರೆ ವಾದ ಆರಂಭವಾದ ಕಾಲಕ್ಕೆ ಇದು ಬಹು ದುಬಾರಿಯಾಗಿತ್ತು.

ಅಮೆರಿಕದಲ್ಲಿ ನಡೆದ ವಾಗ್ವಾದ

2007ರ ಡಿಸೆಂಬರ್ 19ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಇಂಧನ ಕಾಯಿದೆಯೊಂದಕ್ಕೆ ಸಹಿ ಹಾಕಿದರು. ಇಷ್ಟು ಬೆಳಕು ಕೊಡುವ ಬಲ್ಬು ಇಷ್ಟಕ್ಕಿಂತ ಹೆಚ್ಚು ವಿದ್ಯುತ್ತು ನುಂಗಕೂಡದೆಂದು ಅದು ವಿಧಿಸಿತು. 100 ವಾಟಿನ ಬಲ್ಬು ಕೊಡುತ್ತಿದ್ದ ಬೆಳಕನ್ನು 2012ರ ಜನವರಿಯಿಂದ 72 ವಾಟಿನೊಳಗೆ ಕೊಡಬೇಕು. ಉಳಿದ ಅಳತೆಗಳಿಗೂ ಕ್ರಮವಾಗಿ ಮಿತಿ. ಯಾವ ಬಲ್ಬಿನ ಹೆಸರನ್ನೂ ಹಿಡಿದು ಕಾಯಿದೆ ನಿಷೇಧಿಸಲಿಲ್ಲ. ಬಲ್ಬಿನ ಈ ವಿಧಿಯನ್ನು ರೂಪಿಸಿದವರಲ್ಲಿ ರಿಪಬ್ಲಿಕನ್ ಪಕ್ಷದ ಫ್ರೆಡ್ ಅಪ್ಟನ್, ಡೆಮಾಕ್ರಟಿಕ್ ಪಕ್ಷದ ಜೇನ್ ಹಾರ್ಮನ್ ಇಬ್ಬರೂ ಇದ್ದರು. ಹೀಗೆ ಎರಡೂ ಪಕ್ಷಗಳ ಸಮ್ಮತಿಯಿಂದ ಹುಟ್ಟಿದ ವಿಧಿಯೇ ಮುಂದೆ ಪಕ್ಷಗಳ ನಡುವಣ ಗೋಡೆಯಾಯಿತು.

2008ರಲ್ಲಿ ಮಿಷೆಲ್ ಬಾಕ್‌ಮನ್ ಎಂಬ ಸದಸ್ಯೆ ಬಲ್ಬಿನ ಆಯ್ಕೆಯ ಸ್ವಾತಂತ್ರ್ಯವನ್ನು ಎತ್ತಿಹಿಡಿಯುವ ಮಸೂದೆ ತಂದರು. ನನ್ನ ಮನೆಯ ಬಲ್ಬನ್ನು ಸರ್ಕಾರವೇಕೆ ಆರಿಸಬೇಕು ಎಂಬುದು ಮೊದಲ ಆಕ್ಷೇಪ. ಅದರ ಬದಲಿಗೆ ಬರುವ ಸಿ.ಎಫ್.ಎಲ್.ನಲ್ಲಿ ಪಾದರಸವಿದೆಯಲ್ಲ ಎಂಬುದು ಎರಡನೆಯದು. ಎರಡನೆಯದಕ್ಕೆ ಬಲ ಕೊಟ್ಟ ಘಟನೆಯೊಂದು 2007ರಲ್ಲಿ ಮೇನ್ ಸಂಸ್ಥಾನದಲ್ಲಿ ನಡೆದಿತ್ತು. ಮಗುವಿನ ಮಲಗುವ ಕೋಣೆಯಲ್ಲಿ ಸಿ.ಎಫ್.ಎಲ್. ಬಲ್ಬೊಂದು ಒಡೆಯಿತು. ಗಾಬರಿಗೊಂಡ ತಾಯಿ ವಿಚಾರಿಸಲಾಗಿ, ಶುದ್ಧೀಕರಣದ ಕಂಪನಿಯೊಂದು ಸುಮಾರು 2,000 ಡಾಲರು ಖರ್ಚು ಹೇಳಿತು. ಅಷ್ಟೊಂದು ಖರ್ಚು ಅನಾವಶ್ಯಕವೆಂದು ಬಲ್ಲವರು ಹೇಳಿದರಾದರೂ, ಸುದ್ದಿ ದೇಶವೆಲ್ಲ ಹಬ್ಬಿತು.

ಉದ್ಯೋಗದ ಪ್ರಶ್ನೆಯೂ ಸೇರಿಕೊಂಡಿತು. ವರ್ಜೀನಿಯಾದ ವಿಂಚೆಸ್ಟರ್‌ನಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಬಲ್ಬು ಕಾರ್ಖಾನೆ 2010ರಲ್ಲಿ ಮುಚ್ಚಿ ಸುಮಾರು 200 ಕಾರ್ಮಿಕರು ಕೆಲಸ ಕಳೆದುಕೊಂಡರು; ಸಿ.ಎಫ್.ಎಲ್.ಗಳಾದರೋ ಹೆಚ್ಚಾಗಿ ಚೀನಾದಿಂದ ಬರುತ್ತಿದ್ದವು. 2011ರ ಜುಲೈ 12ರಂದು ವಿಧಿಯನ್ನು ರದ್ದುಪಡಿಸುವ ಮಸೂದೆ ಕೆಳಮನೆಯಲ್ಲಿ ಮತಕ್ಕೆ ಬಂದಿತು. ಪರವಾಗಿ 233, ವಿರುದ್ಧವಾಗಿ 193. ಬಹುಮತವಿದ್ದರೂ, ಆ ದಿನದ ಕ್ರಮದಂತೆ ಬೇಕಾಗಿದ್ದ ಮೂರರಲ್ಲಿ ಎರಡು ಪಾಲು ದೊರೆಯದೆ ಅದು ಬಿದ್ದುಹೋಯಿತು. ಜನರು ತಮ್ಮ ಹಣವನ್ನು ತಾವೇ ಪೋಲು ಮಾಡುವ ಆಯ್ಕೆಯನ್ನಷ್ಟೆ ತೆಗೆಯುತ್ತಿದ್ದೇವೆ ಎಂಬರ್ಥದ ಮಾತನ್ನು ಆಗಿನ ಇಂಧನ ಕಾರ್ಯದರ್ಶಿ ಸ್ಟೀವನ್ ಚು ಆಡಿ, ವಿರೋಧಿಗಳ ಕೈಗೆ ಮತ್ತೊಂದು ಅಸ್ತ್ರವನ್ನಿತ್ತರು.

ಯುರೋಪಿನಲ್ಲಿಯೂ 2009ರ ಸೆಪ್ಟೆಂಬರಿನಿಂದ ಹಳದಿ ಬಲ್ಬು ಮೆಟ್ಟಿಲು ಮೆಟ್ಟಿಲಾಗಿ ಅಂಗಡಿಗಳಿಂದ ಇಳಿಯಿತು. ಜರ್ಮನಿಯಲ್ಲಿ ಜನರು ಬಲ್ಬುಗಳನ್ನು ಕೊಂಡು ಕೂಡಿಟ್ಟರು. ಅಮೆರಿಕದಲ್ಲಿ ಟ್ರಂಪ್ ಆಡಳಿತವು 2019ರಲ್ಲಿ ಮುಂದಿನ ಹಂತದ ಮಿತಿಯನ್ನು ಕೈಬಿಟ್ಟಿತು, ಬೈಡನ್ ಆಡಳಿತವು 2022ರಲ್ಲಿ ಅದನ್ನು ಮರಳಿ ತಂದಿತು. 2023ರ ಆಗಸ್ಟಿನಿಂದ ಅದು ಜಾರಿಗೆ ಬಂದಿತು.

ಪಾದರಸದ ಜಮಾಖರ್ಚು

ವಾದದ ತಿರುಳಾದ ಪಾದರಸದ ಲೆಕ್ಕಕ್ಕೆ ಈಗ ಬರೋಣ. ಕಲ್ಲಿದ್ದಲಿನಲ್ಲಿ ಸಹಜವಾಗಿಯೇ ಅತ್ಯಲ್ಪ ಪಾದರಸವಿರುತ್ತದೆ. ಸುಟ್ಟಾಗ ಅದು ಚಿಮಣಿಯಿಂದ ಹೊರಬೀಳುತ್ತದೆ. ಆದ್ದರಿಂದ ವಿದ್ಯುತ್ತು ಉಳಿಸುವ ಬಲ್ಬು ತನ್ನೊಳಗೆ ಪಾದರಸವಿದ್ದರೂ ಒಟ್ಟಿನಲ್ಲಿ ಪಾದರಸವನ್ನು ಕಡಿಮೆ ಮಾಡುತ್ತದೆ ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಾದವಾಗಿತ್ತು. ಅದರ ಲೆಕ್ಕ ಹೀಗಿದೆ.

60 ವಾಟಿನ ಹಳದಿ ಬಲ್ಬುಗಳಿಂದ 8,000 ಗಂಟೆ ಬೆಳಕು ಪಡೆಯಲು 480 ಯೂನಿಟ್ ವಿದ್ಯುತ್ತು ಬೇಕು. ಒಂದು ಯೂನಿಟ್ಟಿಗೆ ಆ ದೇಶದ ಆಗಿನ ಸರಾಸರಿಯಂತೆ 0.012 ಮಿಲಿಗ್ರಾಂ ಪಾದರಸ, ಒಟ್ಟು 5.8 ಮಿಲಿಗ್ರಾಂ. 13 ವಾಟಿನ ಸಿ.ಎಫ್.ಎಲ್.ಗೆ ಬೇಕಾದದ್ದು 104 ಯೂನಿಟ್. ಚಿಮಣಿಯ ಪಾದರಸ 1.2 ಮಿಲಿಗ್ರಾಂ. ಸತ್ತ ಬಲ್ಬನ್ನು ಕಸದ ಗುಂಡಿಗೆ ಎಸೆದಾಗ ಹೊರಬೀಳುವುದು 0.6 ಎಂದು ಹಿಡಿದರೆ ಒಟ್ಟು 1.8 ಮಿಲಿಗ್ರಾಂ. ಅಂದರೆ ಸಿ.ಎಫ್.ಎಲ್.ನಿಂದ 4 ಮಿಲಿಗ್ರಾಂ ಲಾಭ.

ಲೆಕ್ಕ ಸರಿಯಾಗಿಯೇ ಇದೆ. ಆದರೆ ಬ್ಯಾಂಕಿನಲ್ಲಿ ಪಳಗಿದ ಕಣ್ಣು ಆ 0.6 ಎಂಬ ಅಂಕಿಯ ಮೇಲೆ ನಿಲ್ಲುತ್ತದೆ. ಬಲ್ಬಿನೊಳಗೆ ಇರುವುದು ಸುಮಾರು 4 ಮಿಲಿಗ್ರಾಂ. ಅದರಲ್ಲಿ ಬಹುಪಾಲು ಹೊರಗೆ ಬಾರದು ಎಂಬ ಭರವಸೆಯ ಮೇಲೆ ಈ ಅಂಕಿ ನಿಂತಿದೆ. ಆ ಹುಡುಗ ಮಾಡಿದಂತೆ ಬಲ್ಬನ್ನು ಒಡೆದು, ಒಳಗಿನದೆಲ್ಲವೂ ಹೊರಬಿದ್ದರೆ 1.2ಕ್ಕೆ 4 ಕೂಡಿ 5.2 ಆಗುತ್ತದೆ. 5.8ಕ್ಕೂ 5.2ಕ್ಕೂ ಎಷ್ಟು ಅಂತರ? ಲಾಭವೆಲ್ಲವೂ ಬಹುಮಟ್ಟಿಗೆ ಕರಗಿಹೋಯಿತು. ಎಂದ ಮೇಲೆ, ಈ ದೀಪದ ಪಾದರಸದ ಲಾಭ ಅಂಗಡಿಯಲ್ಲಿ ಕೊಳ್ಳುವಾಗ ದೊರೆಯುವುದಿಲ್ಲ. ಸತ್ತ ಬಲ್ಬನ್ನು ಹೇಗೆ ವಿಲೇವಾರಿ ಮಾಡುತ್ತೇವೆ ಎಂಬುದರಲ್ಲಿ ಅಡಗಿದೆ.

ಇನ್ನೊಂದು ಮಾತು. ಜಲವಿದ್ಯುತ್ತಿನ ಸೀಮೆಯಲ್ಲಿ ಈ ಲೆಕ್ಕವೇ ತಲೆಕೆಳಗಾಗುತ್ತದೆ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಅದರಿಂದಲೇ ಬೆಳಗಿದವು. ಆ ದೀಪಗಳ ಹಿಂದೆ ಕಲ್ಲಿದ್ದಲಿನ ಚಿಮಣಿ ಇರಲಿಲ್ಲ. ಚಿಮಣಿಯೇ ಇಲ್ಲದಲ್ಲಿ ಉಳಿಸತಕ್ಕ ಪಾದರಸವೂ ಇಲ್ಲ. ಬಲ್ಬಿನೊಳಗಿನದಷ್ಟೂ ಹೊಸ ಸಾಲವೇ ಸರಿ.

ಖಾತೆಗಳು ಬೇರೆ ಬೇರೆ

ದ್ವಿನಮೂದು ಪದ್ಧತಿಯ ಮೊದಲ ಪಾಠವೆಂದರೆ, ಪ್ರತಿಯೊಂದು ಜಮೆಗೂ ಎಲ್ಲಿಯೋ ಒಂದು ಖರ್ಚು ಇರಲೇಬೇಕು. ಮೊತ್ತ ತಾಳೆಯಾದರೆ ಸಾಲದು; ಯಾರ ಖಾತೆಗೆ ಖರ್ಚು ಬಿದ್ದಿದೆಯೆಂದು ನೋಡಬೇಕು. ರಾಮನ ಖಾತೆಯ ಜಮೆಯನ್ನೂ ಭೀಮನ ಖಾತೆಯ ಖರ್ಚನ್ನೂ ಕೂಡಿಸಿ ಎಲ್ಲವೂ ಸಮನಾಗಿದೆ ಎನ್ನುವ ಅಧಿಕಾರಿಯನ್ನು ಲೆಕ್ಕ ತಪಾಸಣೆಯವರು ಬಿಡುವುದಿಲ್ಲ.

ಅಮೆರಿಕದ ವಾಗ್ವಾದದಲ್ಲಿ ಎರಡು ಪಕ್ಷದವರೂ ಈ ತಪ್ಪನ್ನೇ ಮಾಡಿದರೆಂದು ನನಗೆ ತೋರುತ್ತದೆ. ಬಲ್ಬಿನ ಪಾದರಸಕ್ಕೆ ಹೆದರಿದವರಲ್ಲಿ ಅನೇಕರು, 2011ರ ಅದೇ ಕಾಲದಲ್ಲಿ ಚಿಮಣಿಗಳ ಪಾದರಸಕ್ಕೆ ಮಿತಿ ಹಾಕುವ ನಿಯಮವನ್ನು ವಿರೋಧಿಸಿದರು. ಚಿಮಣಿಯ ಪಾದರಸವನ್ನು ಎಣಿಸಿದವರಲ್ಲಿ ಅನೇಕರು, ಮೊತ್ತ ಕಡಿಮೆಯಾಯಿತಲ್ಲ ಎಂಬ ಸಮಾಧಾನದಲ್ಲಿ ಬಲ್ಬಿನ ಪಾದರಸವನ್ನು ಹಗುರಾಗಿ ಕಂಡರು. ಚಿಮಣಿಯ ಪಾದರಸ ಆಕಾಶಕ್ಕೆ ಹೋಗಿ ಎಲ್ಲರ ಪಾಲಿಗೂ ಚೂರುಚೂರು ಹಂಚಿಹೋಗುತ್ತದೆ. ಬಲ್ಬಿನ ಪಾದರಸವಾದರೋ ಒಂದು ಕೋಣೆಯಲ್ಲಿ, ಒಂದು ಓಣಿಯಲ್ಲಿ, ಒಬ್ಬನ ಮೂಗಿನ ಮುಂದೆ ಬಿಡುಗಡೆಯಾಗುತ್ತದೆ. ವಿದ್ಯುತ್ ಬಿಲ್ಲಿನ ಉಳಿತಾಯ ಮನೆಯ ಯಜಮಾನನಿಗೆ, ಅಪಾಯ ಕಸ ಆಯುವವನಿಗೆ.

ನಮ್ಮ ದೇಶದಲ್ಲಿಯೂ ಹಾಗೆಯೇ ಆಯಿತು. 2009ರಲ್ಲಿ ಕೇಂದ್ರ ಸರ್ಕಾರ ಬಚತ್ ಲ್ಯಾಂಪ್ ಯೋಜನೆಯನ್ನು ಆರಂಭಿಸಿ, ಹಳದಿ ಬಲ್ಬು ಕೊಟ್ಟವರಿಗೆ 15 ರೂಪಾಯಿಗೆ ಸಿ.ಎಫ್.ಎಲ್. ಒದಗಿಸಿತು. ಬೆಲೆಯ ಉಳಿದ ಭಾಗವನ್ನು ತುಂಬಬೇಕಾಗಿದ್ದುದು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಮಾರುವ ಇಂಗಾಲದ ಪ್ರಮಾಣಪತ್ರಗಳ ಹಣ. ಉಳಿದ ಇಂಗಾಲಕ್ಕೆ ಖಾತೆಯೂ ಇತ್ತು, ಬೆಲೆಯೂ ಇತ್ತು. ಒಡೆದ ಬಲ್ಬಿನಿಂದ ಹೊರಬಿದ್ದ ಪಾದರಸಕ್ಕೆ ಅಂತಹ ಬೆಲೆಯನ್ನು ಯಾರೂ ಕಟ್ಟಲಿಲ್ಲ. 2011ರಲ್ಲಿ ದಿಲ್ಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ ನಮ್ಮ ಪೇಟೆಯ ಸಿ.ಎಫ್.ಎಲ್.ಗಳನ್ನು ಪರೀಕ್ಷೆ ಮಾಡಿಸಿದಾಗ, ಯುರೋಪಿನ ಆಗಿನ ಮಿತಿಗಿಂತ ಎಷ್ಟೋ ಹೆಚ್ಚು ಪಾದರಸವಿದ್ದ ಬಲ್ಬುಗಳು ಕಂಡುಬಂದವು. ಅಂತಹ ಬಲ್ಬಿನ ವಿಷಯದಲ್ಲಿ ಮೇಲಿನ 4 ಮಿಲಿಗ್ರಾಮಿನ ಲೆಕ್ಕವೇ ನಿಲ್ಲದು.

ದೇಹಕ್ಕೆ ಏನಾಗುತ್ತದೆ?

ಪಾದರಸವನ್ನು ನುಂಗಿದರೆ ಅಪಾಯವೆಂದು ಸಾಮಾನ್ಯ ಜನರ ನಂಬಿಕೆ. ಲೋಹರೂಪದ ಪಾದರಸದ ವಿಷಯದಲ್ಲಿ ನಿಜವಾದ ಅಪಾಯ ಉಸಿರಿನದು. ನುಂಗಿದ ಲೋಹ ಬಹುಮಟ್ಟಿಗೆ ಹಾಗೆಯೇ ಹೊರಹೋಗುತ್ತದೆ. ಉಸಿರಾಡಿದ ಆವಿಯಲ್ಲಿ ನೂರಕ್ಕೆ ಎಂಬತ್ತರಷ್ಟು ಶ್ವಾಸಕೋಶದ ಮೂಲಕ ರಕ್ತಕ್ಕೆ ಸೇರುತ್ತದೆ, ಅಲ್ಲಿಂದ ಮಿದುಳಿಗೂ ಮೂತ್ರಪಿಂಡಕ್ಕೂ ತಲುಪುತ್ತದೆ. ಬಹುಕಾಲ ಅದರ ನಡುವೆ ದುಡಿಯುವವರಲ್ಲಿ ಕೈನಡುಕ, ನಿದ್ರಾಹೀನತೆ, ಮರೆವು, ಸಿಡುಕು, ವಸಡಿನ ಬಾಧೆ ಮೊದಲಾದವು ತೋರುತ್ತವೆ. ಗರ್ಭಿಣಿಯರೂ ಚಿಕ್ಕ ಮಕ್ಕಳೂ ಹೆಚ್ಚು ಎಚ್ಚರದಿಂದಿರಬೇಕು.

ನೀರಿಗೆ ಸೇರಿದ ಪಾದರಸದ ಕಥೆ ಬೇರೆ. ಕೆಸರಿನ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವೆಂಬ ಘೋರ ವಿಷವಾಗಿ ಮಾರ್ಪಡಿಸುತ್ತವೆ. ಅದು ಮೀನಿನಿಂದ ಮೀನಿಗೆ ಸಾಂದ್ರವಾಗುತ್ತ ಮನುಷ್ಯನ ತಟ್ಟೆಗೆ ಬರುತ್ತದೆ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯೊಂದು ಮೀಥೈಲ್ ಪಾದರಸ ಬೆರೆತ ನೀರನ್ನು ನೇರವಾಗಿ ಕೊಲ್ಲಿಗೆ ಬಿಟ್ಟುದರಿಂದ ಉಂಟಾದ ರೋಗ 1956ರಲ್ಲಿ ಬೆಳಕಿಗೆ ಬಂದು, ಆ ಊರಿನ ಹೆಸರನ್ನೇ ಪಡೆಯಿತು.

ಹಾಗೆಂದು ಮನೆಯಲ್ಲಿ ಒಂದು ಬಲ್ಬು ಒಡೆದ ಮಾತ್ರಕ್ಕೆ ಭೀತಿಗೊಳ್ಳಬೇಕಾಗಿಲ್ಲ. 2,000 ಡಾಲರಿನ ಗದ್ದಲದ ಬಳಿಕ ಅದೇ ಮೇನ್ ಸಂಸ್ಥಾನದ ಪರಿಸರ ಇಲಾಖೆ ಬಲ್ಬುಗಳನ್ನು ಒಡೆದು ಪರೀಕ್ಷಿಸಿ 2008ರಲ್ಲಿ ವರದಿ ಪ್ರಕಟಿಸಿತು. ಒಡೆದ ಕೂಡಲೆ ಗಾಳಿಯಲ್ಲಿ ಪಾದರಸ ಸುರಕ್ಷಿತ ಮಟ್ಟವನ್ನು ಹಲವು ಪಟ್ಟು ಮೀರಬಹುದು; ಕಿಟಕಿ ತೆರೆದು ಸರಿಯಾಗಿ ಬಳಿದರೆ ಬೇಗನೆ ಇಳಿಯುತ್ತದೆ; ರತ್ನಗಂಬಳಿಯಲ್ಲಿ ಸಿಕ್ಕಿಕೊಂಡದ್ದು ಮಾತ್ರ ಮುಂದೆಯೂ ಹೊರಬರುತ್ತಿರಬಹುದು. ಇದು ಆ ವರದಿಯ ಸಾರ. ಭೀತಿಯೂ ಬೇಡ, ಉಪೇಕ್ಷೆಯೂ ಬೇಡ.

ಬಲ್ಬು ಅಥವಾ ಟ್ಯೂಬು ಒಡೆದಾಗ

1. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಹೊರಗೆ ಕಳುಹಿಸಿ. ಫ್ಯಾನು, ಹವಾನಿಯಂತ್ರಕಗಳನ್ನು ನಿಲ್ಲಿಸಿ, ಕಿಟಕಿ ತೆರೆದು ಹತ್ತು ನಿಮಿಷ ಕೋಣೆಯಿಂದ ಹೊರಗಿರಿ.

2. ಪೊರಕೆಯಿಂದ ಗುಡಿಸಬೇಡಿ, ವ್ಯಾಕ್ಯೂಮ್ ಯಂತ್ರ ಬಳಸಬೇಡಿ. ಎರಡೂ ಪಾದರಸವನ್ನು ಎಲ್ಲೆಡೆ ಹರಡುತ್ತವೆ.

3. ದಪ್ಪ ರಟ್ಟಿನ ಎರಡು ತುಂಡುಗಳಿಂದ ಗಾಜನ್ನೂ ಪುಡಿಯನ್ನೂ ಬಳಿಯಿರಿ. ಉಳಿದ ಪುಡಿಯನ್ನು ಅಂಟುಪಟ್ಟಿಯಿಂದ ಎತ್ತಿ, ಒದ್ದೆ ಕಾಗದದಿಂದ ಒರೆಸಿರಿ.

4. ಎಲ್ಲವನ್ನೂ ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ ಮನೆಯ ಹೊರಗಿಡಿ. ಕೈ ತೊಳೆಯಿರಿ. ಕೆಲವು ಗಂಟೆಗಳ ಕಾಲ ಕಿಟಕಿ ತೆರೆದೇ ಇರಲಿ.

5. ಮನೆಗೆಲಸಕ್ಕೆ ಬರುವ ಬಾಯಿಗೆ ಈ ಕೆಲಸವನ್ನು ಒಪ್ಪಿಸಿ ನಾವು ಹೊರಗೆ ನಿಲ್ಲುವುದು ಬೇಡ. ಅವರಿಗೂ ಇದನ್ನು ತಿಳಿಸಿ ಹೇಳೋಣ.

ಮುಗಿಯದ ಬಾಕಿ

ವಾಗ್ವಾದವನ್ನು ಕೊನೆಗೆ ಬಹುಪಾಲು ಬಗೆಹರಿಸಿದ್ದು ಶಾಸನಸಭೆಯ ಭಾಷಣಗಳಿಗಿಂತ ಎಲ್.ಇ.ಡಿ. ದೀಪದ ಬೆಲೆ. ನಮ್ಮಲ್ಲಿ 2014ರಲ್ಲಿ ಸರ್ಕಾರಿ ಖರೀದಿಯಲ್ಲಿ 310 ರೂಪಾಯಿ ಇದ್ದ ಬಲ್ಬು 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. 2015ರ ಜನವರಿಯಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಹೆಚ್ಚು ಬಲ್ಬುಗಳು ಹಂಚಿಕೆಯಾದವು. ಕರ್ನಾಟಕದಲ್ಲಿ ಇದು ‘ಹೊಸ ಬೆಳಕು’ ಎಂಬ ಹೆಸರಿನಿಂದ ಬಂದಿತು. ಮಿನಮಾಟದ ಹೆಸರನ್ನೇ ಹೊತ್ತ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿತು. ಆ ಒಪ್ಪಂದದ ದೇಶಗಳು 2022ರಲ್ಲಿ ಸಭೆ ಸೇರಿ, ಮನೆಬಳಕೆಯ ಸಾಮಾನ್ಯ ಸಿ.ಎಫ್.ಎಲ್. ಬಲ್ಬುಗಳ ತಯಾರಿಕೆಯನ್ನು 2025ರೊಳಗೆ ನಿಲ್ಲಿಸಲು ನಿರ್ಣಯಿಸಿದವು. 2023ರಲ್ಲಿ ಟ್ಯೂಬ್‌ಲೈಟುಗಳಿಗೆ 2027ರ ಗಡುವು ಹಾಕಿದವು.

ಆದರೆ ತಯಾರಿಕೆ ನಿಂತರೂ ಹಳೆಯ ಬಾಕಿ ತೀರುವುದಿಲ್ಲ. ನಮ್ಮ ಫ್ಲಾಟುಗಳ ಅಟ್ಟದ ಮೇಲೆ, ಮಹಡಿಯ ಮೆಟ್ಟಿಲಿನ ಕೆಳಗೆ, ಸೊಸೈಟಿಯ ಕಾವಲುಗಾರನ ಕೋಣೆಯ ಹಿಂದೆ ಎಷ್ಟು ಸತ್ತ ಟ್ಯೂಬುಗಳು ಒರಗಿಕೊಂಡಿಲ್ಲ! ಘನತ್ಯಾಜ್ಯದ 2016ರ ನಿಯಮಗಳು ಟ್ಯೂಬು ಮತ್ತು ಸಿ.ಎಫ್.ಎಲ್.ಗಳನ್ನು ಅಪಾಯಕಾರಿ ಗೃಹತ್ಯಾಜ್ಯವೆಂದು ಹೆಸರಿಸಿ ಪ್ರತ್ಯೇಕಿಸಿಡಲು ಹೇಳಿದವು. ವಿದ್ಯುನ್ಮಾನ ತ್ಯಾಜ್ಯದ ನಿಯಮಗಳೂ ಪಾದರಸದ ದೀಪಗಳನ್ನು ತಮ್ಮ ಪಟ್ಟಿಯಲ್ಲಿ ಸೇರಿಸಿವೆ. ನಿಯಮ ಪುಸ್ತಕದಲ್ಲಿದ್ದರೂ ಟ್ಯೂಬು ಗುಜರಿಗೆ ಹೋಗುತ್ತದೆ, ಏಕೆಂದರೆ ಬಾಗಿಲಿಗೆ ಬರುವವನು ಅವನೊಬ್ಬನೇ.

ಆದಕಾರಣ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ನನ್ನದೊಂದು ವಿನಂತಿಯಿದೆ. ರಾಜ್ಯೋತ್ಸವದ ದಿನ ಸಭಾಗೃಹದ ಬಾಗಿಲಲ್ಲಿ ರಟ್ಟಿನ ಪೆಟ್ಟಿಗೆಗಳನ್ನಿರಿಸೋಣ. ಸದಸ್ಯರು ತಮ್ಮ ಮನೆಯ ಸತ್ತ ಸಿ.ಎಫ್.ಎಲ್., ಟ್ಯೂಬು, ಹಳೆಯ ಜ್ವರಮಾಪಕಗಳನ್ನು ಒಡೆಯದಂತೆ ಕಾಗದದಲ್ಲಿ ಸುತ್ತಿ ತರಲಿ. ಅವೆಲ್ಲವನ್ನೂ ಪರವಾನಿಗೆ ಪಡೆದ ಸಂಗ್ರಾಹಕರಿಗೆ ಒಪ್ಪಿಸಿ ರಸೀದಿ ಪಡೆಯೋಣ. ಎಷ್ಟು ಬಂದಿತು, ಎಷ್ಟು ಹೋಯಿತು ಎಂಬ ದಾಖಲೆ ಪುಸ್ತಕವನ್ನು ಬರೆದಿಡುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.

ಆ ಹುಡುಗನನ್ನು ನಾನು ಮತ್ತೆ ಕಾಣಲಿಲ್ಲ. ಮರುದಿನ ಓಣಿಯಲ್ಲಿ ಗಾಜಿನ ಚೂರುಗಳು ಮಾತ್ರ ಉಳಿದಿದ್ದವು. ಅವುಗಳನ್ನೂ ಯಾರೋ ಪೊರಕೆಯಿಂದ ಗುಡಿಸುತ್ತಿದ್ದರು. ಶಾಖೆಯ ಪುಸ್ತಕದಲ್ಲಿ ಆ ವೋಚರು ಇಂದಿಗೂ ಸರಿಯಾಗಿ ತಾಳೆಯಾಗುತ್ತದೆ. ನನ್ನ ಮನಸ್ಸಿನಲ್ಲಿ ಮಾತ್ರ ತಾಳೆಯಾಗಿಲ್ಲ. ನಮ್ಮ ಮನೆಗಳ ಬೆಳಕು ಮತ್ತೊಬ್ಬರ ಉಸಿರಿನ ಖರ್ಚಿನಲ್ಲಿ ಉರಿಯದಿರಲಿ ಎಂದು ಹಾರೈಸುತ್ತೇನೆ.